ಕಣ್ಣು ಬಿಡದ ಮರಿ ತರುತ್ತಿದ್ದ ಬೀರಮ್ಮ

ಇಲಿ ಬೀರಮ್ಮನ ಹೆಸರೆತ್ತಿದರೆ ಮದ್ದೂರಿನ ನಮ್ಮ ಬೀದಿಯ ಹೆಂಗಸರೆಲ್ಲ ಮೂಗು ಮುರಿಯುತ್ತಿದ್ದೆವು. ಎಲ್ಲರಿಗಿಂತ ಹೆಚ್ಚು ಮುರಿದವಳು ನಾನು. ಅವಳು ಗೆಜ್ಜಲಗೆರೆಯ ಆಚೆಯ ಹಟ್ಟಿಯವಳು. ನಲವತ್ತು ದಾಟಿದ ವಯಸ್ಸು, ಕಡ್ಡಿಯಂಥ ಕೈಕಾಲು, ಗಂಡಸರ ಹಾಗೆ ಹೆಗಲ ಮೇಲೊಂದು ಹಾರೆ. ಬಾಯಿ ತೆರೆದರೆ ಎದುರಿಗಿದ್ದವರು ಯಾರು, ಎಂಥವರು ಎಂದು ನೋಡುತ್ತಿರಲಿಲ್ಲ. ನನಗೂ ಬಾಯಿ ಕಡಿಮೆಯೇನಲ್ಲ, ಆದರೆ ನನ್ನದು ಅಡಿಗೆಮನೆಯ ಒಳಗಿನ ಬಾಯಿ. ಅವಳದು ಬಯಲಲ್ಲಿ ಬೆಳೆದದ್ದು.

ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯ ಬದುಗಳಲ್ಲಿ ಇಲಿಯ ಬಿಲ ಅಗೆದು, ಇಲಿಗಳು ಕಚ್ಚಿಕೊಂಡು ಹೋಗಿ ಒಳಗೆ ಕೂಡಿಟ್ಟ ತೆನೆಯನ್ನು ತೆಗೆಯುವುದು ಅವಳ ಕಸುಬು. ಒಂದೊಂದು ಬಿಲದಲ್ಲಿ ಮೊರದ ತುಂಬ ತೆನೆ ಸಿಗುತ್ತಿತ್ತಂತೆ. ಬಿಲದ ತೆನೆ ಅಗೆದವರಿಗೆ ಸೇರಿದ್ದು ಎಂಬುದು ನಮ್ಮ ಮಾವನವರ ಕಾಲದಿಂದ ನಡೆದು ಬಂದ ಪದ್ಧತಿ. ಗಂಡ ಸತ್ತ ಬೀರಮ್ಮ, ಕಣ್ಣು ಕಾಣದ ಅವಳ ಅತ್ತೆ ಪುಟ್ಟಮಾದಮ್ಮ, ಇಬ್ಬರು ಹೆಣ್ಣುಮಕ್ಕಳು, ಇಷ್ಟು ಜನ ಆಷಾಢದವರೆಗೆ ಗಂಜಿ ಕಾಣುತ್ತಿದ್ದುದು ನಮ್ಮ ಗದ್ದೆಯ ಬದುವಿನಿಂದಲೇ.

ಆ ವರ್ಷ ಸಾವಿರದ ಒಂಬೈನೂರ ನಲವತ್ಮೂರು. ಯುದ್ಧದ ಕಾಲ. ಅಂಗಡಿಯಲ್ಲಿ ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ; ಸರ್ಕಾರದವರು ಲೆವಿ ಎಂದು ಮನೆಮನೆಯ ಭತ್ತ ಅಳೆಸಿಕೊಂಡು ಹೋಗುತ್ತಿದ್ದರು. ನಮ್ಮ ಭಾವನವರಾದ ಶ್ಯಾಮಣ್ಣನವರದೇ ಮನೆಯ ಯಜಮಾನಿಕೆ. ಅವರಿಗೆ ಈ ಲೆವಿಯಿಂದ ತಲೆ ಕೆಟ್ಟುಹೋಗಿತ್ತು. ದಸರಾ ಹೊತ್ತಿಗೇ ಹಟ್ಟಿಗೆ ಹೇಳಿ ಕಳಿಸಿಬಿಟ್ಟರು: ಈ ಸಲ ನನ್ನ ಬದುವಿಗೆ ಯಾರೂ ಹಾರೆ ಹಾಕಕೂಡದು, ಬಿಲದೊಳಗೆ ಇರುವುದೂ ನನ್ನ ಗದ್ದೆಯ ಭತ್ತವೇ.

ಇದೇ ಸಮಯದಲ್ಲಿ ನಮ್ಮ ಮನೆಗೆ ಹಾವಿನ ಮರಿಗಳು ಬಂದವು. ಯಾರ ಮನೆಗಾದರೂ ಹೀಗೆ ಬರುತ್ತವೆಯೇ? ನಮ್ಮ ಮನೆಗೆ ಬಂದವು, ಏಕೆಂದರೆ ನನ್ನ ಗಂಡನಿಗೆ ಅಂಥ ಬುದ್ಧಿ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಯೋಗಾನರಸಿಂಹ. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಬ್ಬಿನ ಗದ್ದೆಯಲ್ಲಿ ಒಣಗಿದ ಸೋಗೆಯ ರಾಶಿ ಎತ್ತುವಾಗ ಕೇರೆ ಹಾವಿನ ಮೊಟ್ಟೆ ಸಿಕ್ಕಿದವು. ಆಳುಗಳು ಒಡೆದು ಹಾಕುತ್ತಿದ್ದರು. ಇವರು ಅಡ್ಡ ಹೋಗಿ, ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ತಂದರು. ನವರಾತ್ರಿಯಲ್ಲಿ ನಾನು ಬೊಂಬೆ ಕೂರಿಸುತ್ತಿದ್ದರೆ ಇವರು ಹಿತ್ತಲಿನ ಕೊಟ್ಟಿಗೆಯಲ್ಲಿ ಹನ್ನೊಂದು ಹಾವಿನ ಮರಿಗಳನ್ನು ಎಣಿಸುತ್ತಿದ್ದರು.

"ಕೇರೆ ಹಾವಿಗೆ ವಿಷವಿಲ್ಲ ಕಣೇ ಪಂಕಜ. ಇಲಿ ತಿನ್ನುತ್ತೆ. ಕಬ್ಬನ್ನೆಲ್ಲ ಇಲಿ ಕಡಿದು ಹಾಕ್ತಿದೆ, ಈ ಮೂಢರು ಹಾವನ್ನು ಹೊಡೆದು ಹಾಕ್ತಾರೆ. ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತಂತೆ! ನಾನು ಇವನ್ನು ಬೆಳೆಸಿ, ಇಲಿ ತಿನ್ನೋದನ್ನ ಊರವರ ಕಣ್ಣೆದುರಿಗೇ ತೋರಿಸ್ತೀನಿ. ಆಮೇಲೆ ನಮ್ಮ ಕಬ್ಬಿಗೇ ಬಿಡ್ತೀನಿ," ಎಂದರು.

"ಕಪ್ಪೆ ಹಾಕಿ ಸಾಕಿ. ಬಚ್ಚಲ ಹತ್ತಿರ ಬೇಕಾದಷ್ಟಿವೆ," ಎಂದೆ.

"ಕಪ್ಪೆ ತಿಂದರೆ ನಾನು ತೋರಿಸೋದೇನು? ಇಲಿಯೇ ಆಗಬೇಕು," ಎಂದರು.

ಪೊರೆ ಬಿಟ್ಟ ಮೇಲೆ ಮರಿಗಳಿಗೆ ಹಸಿವು ಶುರುವಾಯಿತು. ಒಂದೊಂದು ಮರಿ ನನ್ನ ಕಿರುಬೆರಳಿನಷ್ಟು ದಪ್ಪ. ಬೋನಿಗೆ ಬಿದ್ದದ್ದು ದೊಡ್ಡ ದೊಡ್ಡ ಇಲಿಗಳು. ಅಂಥದ್ದೊಂದನ್ನು ಒಳಗೆ ಬಿಟ್ಟರೆ ಅದು ಹಾವಿನ ಮರಿಗಳನ್ನೇ ಕಚ್ಚಿ ಕೊಲ್ಲುತ್ತಿತ್ತು. ಇವರು ಸಣ್ಣ ಇಲಿಗಾಗಿ ಪೇಟೆಯಲ್ಲೆಲ್ಲ ಕೇಳಿದರು. ದಿನಸಿ ಅಂಗಡಿಯವನು, ಗಣಪತಿಯ ವಾಹನವನ್ನು ಹಾವಿಗೆ ಹಾಕುತ್ತೀರಾ, ನಮ್ಮ ಮೆಟ್ಟಿಲು ಹತ್ತಬೇಡಿ ಎಂದು ಬೈದು ಕಳಿಸಿದ. ನನಗೆ ಒಳಗೊಳಗೇ ಸಂತೋಷವಾಯಿತು. ಆ ಸಂತೋಷ ಎರಡು ದಿನ ಇರಲಿಲ್ಲ, ಇವರು ಬೀರಮ್ಮನನ್ನು ಕರೆಸಿದರು.

ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ತಂತಿ ಬಲೆ ಹೊಡೆದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮಾವ್ರಿಗೆ ಮಕ್ಳಿಲ್ವಾ? ಅದ್ಕೇಯಾ ಐನೋರು ಇವ್ನ ಸಾಕ್ತಾ ಇರಾದು?"

ನನ್ನ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಒಂಬತ್ತು ವರ್ಷ. ಯಾವ ಜನ್ಮದಲ್ಲಿ ಹಾವು ಕೊಂದಿದ್ದಳೋ ಎಂದು ನನ್ನ ಓರಗಿತ್ತಿ ಗೋದಮ್ಮ ದಿನಕ್ಕೊಮ್ಮೆ ಗೊಣಗುತ್ತಿದ್ದರು. ನಾಗಪ್ರತಿಷ್ಠೆ ಮಾಡಿಸಿದ್ದೂ ಆಗಿತ್ತು. ಆ ಹುಣ್ಣಿನ ಮೇಲೆ ಈ ಬಿಲ ಅಗೆಯುವವಳು ಬಂದು ನೇರವಾಗಿ ಕೈ ಇಟ್ಟಳು. ಅವಳು ಕುಹಕಕ್ಕೆ ಕೇಳಲಿಲ್ಲ, ಸುಮ್ಮನೆ ಕೇಳಿದಳು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಆ ಗಳಿಗೆಯಿಂದ ಅವಳ ನೆರಳು ಕಂಡರೂ ನನಗೆ ಆಗುತ್ತಿರಲಿಲ್ಲ.

ಇವರು ಅವಳಿಗೆ ತಮಗೆ ಬೇಕಾದದ್ದನ್ನು ಹೇಳಿದರು. ಅವಳು ತನಗೆ ಬೇಕಾದದ್ದನ್ನು ಹೇಳಿದಳು.

"ಎಷ್ಟ್ ಸಣ್ಣುದ್ ಬೇಕೋ ಅಷ್ಟ್ ಸಣ್ಣುದ್ ತತ್ತೀನಿ ಬುದ್ದಿ. ನಂಗೆ ದುಡ್ ಬ್ಯಾಡ, ಕಾಸ್ ಬ್ಯಾಡ. ದೊಡ್ ಐನೋರ್ಗೆ ಏಳಿ ಬದ ಬುಡ್ಸಿ. ಬದ ಇಲ್ದಿದ್ರೆ ನನ್ ಮಕ್ಳು ಮಣ್ ತಿನ್ಬೇಕು."

ಇವರು ಅಣ್ಣನ ಹತ್ತಿರ ಹೋದರು. ಭಾವನವರಿಗೆ ಹಾವೂ ಬೇಕಿರಲಿಲ್ಲ, ತಮ್ಮನ ಹುಚ್ಚೂ ಬೇಕಿರಲಿಲ್ಲ. ಆದರೆ ಆ ವರ್ಷ ಇಲಿ ಕಡಿದ ಕಬ್ಬು ನೋಡಿ ಅವರ ಹೊಟ್ಟೆಯೂ ಉರಿದಿತ್ತು. ಕೊನೆಗೆ ಒಂದು ಮಾತು ಕೊಟ್ಟರು. ಕೊಯ್ಲು ಮುಗಿಯುವವರೆಗೆ ಮರಿಗಳು ಬದುಕಿ, ಕಬ್ಬಿಗೆ ಬಿಡುವ ಹಾಗಾದರೆ ಬದು ಬೀರಮ್ಮನಿಗೆ; ಸತ್ತರೆ ಇಲ್ಲ.

ಆಮೇಲೆ ಎರಡು ತಿಂಗಳು ಅವಳು ದಿನ ಬಿಟ್ಟು ದಿನ ಬರುತ್ತಿದ್ದಳು. ಗೆಜ್ಜಲಗೆರೆಯಿಂದ ಮದ್ದೂರಿಗೆ ನಡೆದೇ ಬರಬೇಕು. ಹಿತ್ತಲ ಬೇಲಿಯ ಹತ್ತಿರ ನಿಂತು "ಅಮ್ಮಾವ್ರೇ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಸೆರಗಿನಲ್ಲಿ ಒಂದು ತೆಂಗಿನ ಕರಟ, ಕರಟದಲ್ಲಿ ಭತ್ತದ ಹೊಟ್ಟು, ಹೊಟ್ಟಿನ ನಡುವೆ ಕಣ್ಣು ಬಿಡದ ಇಲಿ ಮರಿಗಳು. ಕೆಂಪಗೆ, ಕೂದಲಿಲ್ಲದೆ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡವು.

ಅವಳ ಕೆಲಸವನ್ನು ನಾನು ಒಮ್ಮೆ ನೋಡಿದ್ದೇನೆ. ಗದ್ದೆಯ ಹತ್ತಿರದ ಅರಳೀಕಟ್ಟೆಗೆ ಪ್ರದಕ್ಷಿಣೆಗೆ ಹೋಗಿದ್ದಾಗ ಅವಳು ಬದುವಿನ ಮೇಲೆ ಅಡ್ಡ ಮಲಗಿದ್ದಳು. ಸತ್ತಳೇನೋ ಎಂದುಕೊಂಡೆ. ಮಣ್ಣಿಗೆ ಕಿವಿ ಇಟ್ಟು ಆಲಿಸುತ್ತಿದ್ದಳು. ಒಂದು ಕಡೆ ಕೇಳುತ್ತಾಳೆ, ಮೊಳದಷ್ಟು ತೆವಳುತ್ತಾಳೆ, ಮತ್ತೆ ಕೇಳುತ್ತಾಳೆ. ಮರಿಗಳ ಕೀಚಲು ಕೇಳಿಸಿದ ಜಾಗದಲ್ಲಿ ಹಾರೆ ಊರಿ, ಎರಡೇ ಏಟಿಗೆ ಗೂಡು ತೆಗೆದಳು. ಪಕ್ಕದಲ್ಲೇ ತೆನೆ ತುಂಬಿದ ಗುಳಿ ಕಾಣುತ್ತಿತ್ತು. ಅದನ್ನು ಮುಟ್ಟಲಿಲ್ಲ. ಮಣ್ಣು ಮುಚ್ಚಿ ಕಾಲಿನಲ್ಲಿ ತುಳಿದಳು.

"ತಕೊಂಡ್ರೆ ಯಾರು ನೋಡ್ತಾರೆ ನಿನ್ನ?" ಎಂದು ಕೇಳಿದೆ. ಪರೀಕ್ಷೆ ಮಾಡಬೇಕೆಂದೇ ಕೇಳಿದ್ದು.

"ನೀವ್ ನೋಡ್ತಾ ನಿಂತಿಲ್ವಾ," ಎಂದಳು. ನಾನು ಸಿಟ್ಟಿನಿಂದ ದಾರಿ ಹಿಡಿದೆ.

ಹಾವಿನ ಮರಿಗಳು ಅವಳ ಕೈಯ ಊಟ ತಿಂದು ಹೆಬ್ಬೆರಳ ಗಾತ್ರಕ್ಕೆ ಬಂದವು. ಮಾರ್ಗಶಿರದ ಚಳಿ ಶುರುವಾಗಿತ್ತು. ಗದ್ದೆ ಕೊಯ್ಲಿಗೆ ಬಂದಿತ್ತು. ಇನ್ನು ಎರಡು ವಾರ ಕಳೆದರೆ ಹಾವು ಕಬ್ಬಿಗೆ, ಬದು ಬೀರಮ್ಮನಿಗೆ. ಒಂದು ಬೆಳಗ್ಗೆ ಇವರು ಸ್ಕೂಲಿನ ಕೆಲಸಕ್ಕೆ ಮಂಡ್ಯಕ್ಕೆ ಹೊರಟಿದ್ದರು, ಮಾರನೆಯ ದಿನ ಬರುವವರು. ಕೊಡೆ ತೆಗೆದುಕೊಳ್ಳುತ್ತ ನನಗೆ ಹೇಳಿದರು.

"ಇವಕ್ಕೆ ಇಲಿ ಮರಿ ಇನ್ನು ಸಾಲದು ಕಣೇ. ಬೀರಮ್ಮ ಬಂದರೆ ಸುಂಡಿಲಿ ತರೋದಕ್ಕೆ ಹೇಳು. ನಾಲ್ಕು ಸಾಕು."

ನಮ್ಮ ಬೀದಿಯಲ್ಲಿ ಸುಂಡಿಲಿ ಎಂದರೆ ಮನೆಯಲ್ಲಿ ಓಡಾಡುವ ಪುಟ್ಟ ಇಲಿ. ಬೆಳೆದರೂ ಹೆಬ್ಬೆರಳಿಗಿಂತ ದೊಡ್ಡದಾಗದು. ನಾನು ಹೋಗಿ ಬೇಲಿಯ ಹತ್ತಿರ ಅದನ್ನೇ ಹೇಳಿದೆ. ಬೀರಮ್ಮ ಹುಬ್ಬು ಗಂಟಿಕ್ಕಿದಳು.

"ಸುಂಡಿಲಿನಾ? ಆವಿನ್ ಮರಿಗಾ?"

"ಹೂಂ, ಸುಂಡಿಲಿ. ಕಿವಿ ಕೇಳಲ್ವಾ?"

"ಅಲ್ಲಾ ಅಮ್ಮಾವ್ರೇ, ಅದು ಬಲೇ ಕೆಟ್ ಪ್ರಾಣಿ. ಚಳೀಲಿ ಆವ್ ಮುದುರ್ಕೊಂಡ್ ಬಿದ್ದಿರ್ತದೆ. ಅದೇ ಇವ್ನ ತಿಂದಾಕ್ಬುಡ್ತದೆ ಕಣವ್ವ. ಐನೋರ್ನ ಇನ್ನೊಂದ್ ಸಾರಿ ಕೇಳಿ."

ಐನೋರು ಆಗಲೇ ರೈಲು ಹತ್ತಿದ್ದರು. ಹತ್ತದಿದ್ದರೂ ನಾನು ಕೇಳುತ್ತಿರಲಿಲ್ಲ. ಪುಟ್ಟ ಇಲಿ ಹಾವನ್ನು ತಿನ್ನುತ್ತದಂತೆ! ಒಲ್ಲದ ಕೆಲಸಕ್ಕೆ ನೆಪ ಹೇಳುತ್ತಿದ್ದಾಳೆ, ಅದರ ಮೇಲೆ ಮೇಷ್ಟ್ರ ಹೆಂಡತಿಗೆ ಬುದ್ಧಿ ಹೇಳಲು ಬಂದಿದ್ದಾಳೆ ಎಂದುಕೊಂಡೆ.

"ಓದಿದವರು ಅವರೋ ನೀನೋ? ಹೇಳಿದಷ್ಟು ಮಾಡು. ಆಗಲ್ಲ ಅಂದ್ರೆ ಹೇಳು, ಬದು ಬೇರೆಯವರಿಗೆ ಕೊಡ್ತಾರೆ," ಎಂದೆ.

ಬದುವಿನ ಮಾತು ಬಂದದ್ದೇ ಅವಳ ಮುಖ ಬಿಳುಚಿಕೊಂಡಿತು. ಬೇಲಿ ಬಿಟ್ಟು ಗದ್ದೆಯ ದಾರಿ ಹಿಡಿದಳು. ಅವಳ ಬಾಯಿ ಮುಚ್ಚಿಸಿದೆನಲ್ಲ ಎಂದು ಆ ದಿನ ನನಗೆ ಊಟ ಹೆಚ್ಚು ರುಚಿಸಿತು.

ಸಂಜೆ ದೀಪ ಹಚ್ಚುವ ಮುಂಚೆ ಬಾಯಿ ಕಟ್ಟಿದ ಮಡಕೆ ತಂದಳು. ಪೆಟ್ಟಿಗೆಗೆ ನೀನೇ ಬಿಡು ಎಂದು, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತೆ. ಕೊಟ್ಟಿಗೆಯೆಲ್ಲ ಕೆಟ್ಟ ನಾತ. ಆ ನಾತ ಅವಳದ್ದೇ ಎಂದುಕೊಂಡೆ. ಚಿಲಕ ಹಾಕುವಾಗ ಅವಳು ಮತ್ತೊಮ್ಮೆ ತಿರುಗಿ, "ನೀವ್ ಏಳಿದ್ಕೆ ಬುಟ್ಟಿದೀನಿ ಕಣಮ್ಮ," ಎಂದಳು. "ಸಾಕು ಹೋಗು," ಎಂದೆ.

ಬೆಳಗ್ಗೆ ಇವರು ಮಂಡ್ಯದಿಂದ ಬಂದವರೇ ಕೈಕಾಲು ಕೂಡ ತೊಳೆಯದೆ ಕೊಟ್ಟಿಗೆಗೆ ಹೋದರು. ಇವರ ಕೂಗು ಕೇಳಿ ಎಲ್ಲರೂ ಓಡಿದೆವು. ಏಳು ಮರಿಗಳಿಗೆ ತಲೆಯೇ ಇರಲಿಲ್ಲ. ಉಳಿದ ನಾಲ್ಕಕ್ಕೆ ಬೆನ್ನು ಕಿತ್ತುಹೋಗಿತ್ತು, ಅವೂ ಮಧ್ಯಾಹ್ನದೊಳಗೆ ಸತ್ತವು. ಪೆಟ್ಟಿಗೆಯ ಮೂಲೆಯಲ್ಲಿ ಉದ್ದ ಮೂತಿಯ, ಬೂದು ಬಣ್ಣದ ನಾಲ್ಕು ಪ್ರಾಣಿಗಳು ರಕ್ತ ನೆಕ್ಕುತ್ತ ಕೂತಿದ್ದವು. ಗೋಡೆ ಸವರಿಕೊಂಡು ಚುಂ ಚುಂ ಎಂದು ಓಡುವ, ಇಡೀ ಮನೆ ನಾರಿಸುವ ಪ್ರಾಣಿಗಳು. ನಾವು ಅದನ್ನು ಮೂಗಿಲಿ ಎನ್ನುತ್ತೇವೆ. ಸೊಂಡಿಲಿನಂಥ ಮೂತಿಗೆ ಹಟ್ಟಿಯವರು ಅದನ್ನೇ ಸುಂಡಿಲಿ ಎನ್ನುತ್ತಾರೆ. ನಮ್ಮ ಸುಂಡಿಲಿ ಅವರ ಬಾಯಲ್ಲಿ ಚಿಟ್ಟಿಲಿ. ಇದು ಆಮೇಲೆ ಆಳು ಕರಿಸಿದ್ದಯ್ಯನಿಂದ ತಿಳಿಯಿತು.

ಇವರು ನನ್ನ ಕಡೆ ತಿರುಗಿದರು. "ನೀನು ಸರಿಯಾಗಿ ಹೇಳಿದೆಯಾ?"

"ಹೇಳಿದೆ," ಎಂದೆ.

"ಅವಳೇನೂ ಕೇಳಲಿಲ್ಲವೇ?"

ಗೋದಮ್ಮ ಪಕ್ಕದಲ್ಲೇ ನಿಂತಿದ್ದರು. ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ರಾಮ, ಹನ್ನೊಂದು ಹಾವಿನ ಮರಿ! ಇದರ ಪಾಪ ಯಾರ ಹೊಟ್ಟೆಗೆ ಸುತ್ತಿಕೊಳ್ಳುತ್ತೋ," ಎನ್ನುತ್ತಿದ್ದರು. ಹೊಟ್ಟೆ ಎಂದಾಗ ನನ್ನ ಹೊಟ್ಟೆಯನ್ನೇ ನೋಡಿದರು. ಬೀರಮ್ಮ ಎಚ್ಚರಿಸಿದ್ದಳು, ನಾನೇ ಗದರಿಸಿ ಬಿಡಿಸಿದೆ ಎಂದರೆ ನಾನು ಸಾಯುವವರೆಗೆ ಆ ಹನ್ನೊಂದೂ ನನ್ನ ಲೆಕ್ಕಕ್ಕೇ.

"ಏನೂ ಕೇಳಲಿಲ್ಲ," ಎಂದೆ.

ಅಷ್ಟೇ. ಅಣ್ಣತಮ್ಮಂದಿರಿಗೆ ಅಷ್ಟೇ ಸಾಕಾಯಿತು. ಬೀರಮ್ಮ ಬೇಕೆಂದೇ ಮಾಡಿದಳು ಎಂದರು ಭಾವನವರು. ತಿಳಿಗೇಡಿ ಹೆಂಗಸು ಎಂದರು ಇವರು. ಎರಡರಲ್ಲಿ ಯಾವುದೇ ಆದರೂ ಬದು ಅವಳಿಗಿಲ್ಲ. ಬರುವ ಸೋಮವಾರ ನಮ್ಮ ಆಳುಗಳೇ ಬಿಲ ಅಗೆಯುವುದು ಎಂದು ತೀರ್ಮಾನವಾಯಿತು.

ಶನಿವಾರ ಅವಳು ಬಂದಳು. ಅವತ್ತು ಕೂಗಲಿಲ್ಲ. ನಾನು ಎಮ್ಮೆಗೆ ನೀರಿಡಲು ಹೋದಾಗ ಬೇಲಿಯ ಹೊರಗೆ ನಿಂತಿದ್ದಳು. ಬೈಯುತ್ತಾಳೆ ಎಂದು ನಾನೂ ಸೊಂಟ ಕಟ್ಟಿಕೊಂಡೆ. ಬೈಯಲಿಲ್ಲ.

"ಅಮ್ಮಾವ್ರೇ, ನಾನು ಕೇಳಿದ್ದೆ ಅಂತ ಒಂದ್ ಮಾತು ದೊಡ್ ಐನೋರ್ಗೆ ಏಳಿ. ನನ್ ತಪ್ಪೂ ಅನ್ಲಿ, ಒಡೀಲಿ, ಬದ ಒಂದ್ ಬುಡ್ಲಿ. ಮನೇಲಿ ಒಂದ್ ಇಡಿ ಕಾಳಿಲ್ಲ. ನಮ್ಮತ್ತೆಗೆ ಕಣ್ ಕಾಣಕಿಲ್ಲ, ಮಡ್ಕೆ ತಡ್ಕಾಡ್ತಾ ಕೂತವ್ಳೆ."

"ನಾನು ಹೆಂಗಸು. ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?" ಎಂದೆ.

ಬೀರಮ್ಮ ನನ್ನನ್ನೇ ನೋಡಿದಳು.

"ನಾನ್ ಕೇಳ್ದೆನಲ್ಲಾ," ಎಂದಳು. "ನಿಮ್ ಮಾತ್ ಕೇಳೇ ಸುಂಡಿಲಿ ತಂದಿದ್ದು."

ಹೋಗುತ್ತಾ ತಿರುಗಿ ಕೂಡ ನೋಡಲಿಲ್ಲ. ನಿನ್ನ ಬಾಯಿಗೆ ಮಣ್ಣು ಹಾಕ ಎಂದು ಬೈದುಕೊಂಡೆ. ನೀರಿನ ಬಾನಿ ಒದ್ದೆ. ಅವಳ ಮೇಲೆ ಸಿಟ್ಟು, ಗಂಡನ ಮೇಲೆ ಸಿಟ್ಟು, ಗೋದಮ್ಮನ ಮೇಲೆ ಸಿಟ್ಟು. ಆ ಸಿಟ್ಟಿನಲ್ಲಿ ಅನ್ನ ಸೀದು ಕರಿಕಾಯಿತು. ನನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ ಎಂದು ಅವಳ ಮಕ್ಕಳ ಬಾಯಿಗೆ ನಾನು ಮಣ್ಣು ಹಾಕಿದೆನೆಂದು ಅಂದೇ ಗೊತ್ತಾಗಿತ್ತು.

ಭಾನುವಾರ ಮಧ್ಯಾಹ್ನ ಗಂಡಸರು ಊಟಕ್ಕೆ ಕೂತಿದ್ದರು. ಗೋದಮ್ಮ ಅನ್ನ ಬಡಿಸಿ ಒಳಗೆ ಹೋದರು. ನಾನು ಹುಳಿಯ ಪಾತ್ರೆ ಹಿಡಿದು ಭಾವನವರ ಎಲೆಯ ಮುಂದೆ ನಿಂತೆ. ಒಂಬತ್ತು ವರ್ಷದಲ್ಲಿ ಅವರ ಎದುರು ನಾನು ಒಂದು ಮಾತಾಡಿದವಳಲ್ಲ. ಅಂದು ಹೇಳಿದೆ.

"ಬೀರಮ್ಮನ ತಪ್ಪಿಲ್ಲ. ಸುಂಡಿಲಿ ಅಂದರೆ ಅವರಲ್ಲಿ ಮೂಗಿಲಿ. ಅವು ಹಾವಿನ ಮರಿ ತಿಂದುಬಿಡ್ತವೆ ಅಂತ ಅವಳು ನನ್ನ ಹತ್ತಿರ ಹೇಳಿದಳು. ಇವರನ್ನು ಮತ್ತೊಮ್ಮೆ ಕೇಳಿ ಅಂದಳು. ನಾನೇ ಗದರಿಸಿ ತರಿಸಿದೆ. ನಾಳೆ ಬದು ಅಗೆಸಬೇಡಿ. ಅವಳಿಗೆ ಬಿಡಿ."

ಇವರು ತಲೆ ಎತ್ತಿ ನನ್ನನ್ನು ನೋಡಿದರು. ಊರವರಿಗೆಲ್ಲ ನಿಜ ತೋರಿಸಲು ಹೊರಟಿದ್ದ ಮೇಷ್ಟ್ರು ಮತ್ತೆ ತಲೆ ತಗ್ಗಿಸಿ ಅನ್ನ ಕಲಸಿದರು. ಭಾವನವರು ಎಲೆಯ ಮೇಲಿನ ಕಣ್ಣು ಎತ್ತಲೇ ಇಲ್ಲ.

"ಹುಳಿ ಬಡಿಸಮ್ಮ, ಅನ್ನ ಆರ್ತಾ ಇದೆ," ಎಂದರು.

ಬಡಿಸಿದೆ.

ಸೋಮವಾರ ಆಳುಗಳು ಬದು ಅಗೆದರು. ಐದು ಮಂಕರಿ ತೆನೆ ಸಿಕ್ಕಿತು. ಗಾಡಿ ಮನೆ ಮುಂದೆ ನಿಂತಾಗ ಗೋದಮ್ಮ ಹೊಸಿಲಲ್ಲೇ ತಡೆದರು: ಇಲಿ ಬಾಯಿ ಹಾಕಿದ ಭತ್ತ ಮಡಿಗೆ ಬರುವುದಿಲ್ಲ, ಕಣಜಕ್ಕೆ ಸೇರಕೂಡದು. ಲೆವಿಯವರಿಗೆ ಕೊಡೋಣವೆಂದರೆ ಕಚ್ಚಿದ ಕಾಳನ್ನು ಅವರೂ ಒಲ್ಲರು. ಕರಿಸಿದ್ದಯ್ಯ ತಲೆ ಕೆರೆಯುತ್ತ, "ಬೀರಮ್ಮ ಮಕ್ಳ ಕಟ್ಕೊಂಡು ಬೆಳಿಗ್ಗೇನೇ ಮಳವಳ್ಳಿ ಕಡೆ ಒಂಟೋದ್ಲು ಬುದ್ದಿ, ಮುದ್ಕೀನ ಬೆನ್ ಮ್ಯಾಲ್ ಒತ್ಕೊಂಡು," ಎಂದ. ಭಾವನವರು ಭತ್ತವನ್ನು ಕೊಟ್ಟಿಗೆಯಲ್ಲಿ ಸುರಿಸಿದರು. ಸಂಕ್ರಾಂತಿ ಕಳೆದು ಮಾಘ ಮುಗಿಯುವವರೆಗೆ ದಿನಾ ಬೆಳಗ್ಗೆ ಎರಡು ಸೇರು ಭತ್ತ ಬೇಯಿಸಿ ಎಮ್ಮೆಗೆ ಇಟ್ಟೆವು. ಬೇಯಿಸಿದವಳು ನಾನೇ, ಇಟ್ಟವಳೂ ನಾನೇ.